ಮನೆಮಾತು ಬಿಡಿಸಿದ ಮೇಲೆ

ಆ ಹೊಸ ಟೀಚರ್ ಪಾಠ ಹೇಳಲು ಶುರು ಮಾಡಿ ಏಳು ತಿಂಗಳಾಗಿತ್ತು. ಸಲಹೆಗೆಂದು ನನ್ನ ಹತ್ತಿರ ಬಂದು ಕೂತವರೇ, "ಮೇಡಂ, ಒಂದು ಮಗುವಿನ ಮಾತು ಕಿತ್ಕೊಂಡುಬಿಟ್ಟೆ ಅನ್ಸುತ್ತೆ" ಎಂದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಹುಡುಗನಿಗೆ ಎಂಟು ವರ್ಷ. ಮಾತು, ಬೆರೆಯುವಿಕೆ ಬೇರೆ ರೀತಿ ಬೆಳೆಯುವ ಆಟಿಸಂ ಇದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು. ಪ್ರಶ್ನೆ ಕೇಳಿದರೆ ಅದೇ ಪ್ರಶ್ನೆಯನ್ನು ತಿರುಗಿ ಹೇಳುತ್ತಾನೆ. ಆಮೇಲೆ ಮನೆಮಾತಿನಲ್ಲಿ ಏನೋ ಗುನುಗುತ್ತಾನೆ. ಎರಡು ಭಾಷೆಯಿಂದ ಗೊಂದಲವಾಗಿದೆ ಅಂದುಕೊಂಡ ಈ ಟೀಚರ್, ಮನೆಯಲ್ಲೂ ಶಾಲೆಯ ಭಾಷೆಯನ್ನೇ ಆಡಿ ಎಂದು ತಾಯಿಗೆ ಹೇಳಿದ್ದರು. ತಾಯಿಗೆ ಆ ಭಾಷೆ ಅಷ್ಟಾಗಿ ಬರುವುದಿಲ್ಲ. ಅಜ್ಜಿಗಂತೂ ಬರುವುದೇ ಇಲ್ಲ. ಎರಡು ತಿಂಗಳಲ್ಲಿ ಮನೆಯಲ್ಲಿ ಮಾತೇ ನಿಂತುಹೋಯಿತು.

"ತರಬೇತಿಯಲ್ಲಿ ವಿಶೇಷ ಅಗತ್ಯದ ಮಕ್ಕಳ ಬಗ್ಗೆ ಒಂದು ಪಾಠ ಇತ್ತು. ಎರಡನೇ ಭಾಷೆ ಕಲಿಯೋರ ಬಗ್ಗೆ ಇನ್ನೊಂದು. ಎರಡೂ ಒಂದೇ ಮಗುವಿನಲ್ಲಿದ್ರೆ ಏನು ಮಾಡ್ಬೇಕು ಅಂತ ಯಾರೂ ಹೇಳಲಿಲ್ಲ" ಎಂದರು. ಹೊಸ ಶಿಕ್ಷಕರಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ತಪ್ಪು ಇವರೊಬ್ಬರದ್ದಲ್ಲ.

ಮೊದಲ ಕೆಲಸ, ನಾಳೆಯೇ ತಾಯಿಯನ್ನು ಕರೆದು ಆ ಸಲಹೆ ವಾಪಸ್ ತಗೊಳ್ಳಿ ಎಂದೆ. ಎರಡು ಭಾಷೆ ಕೇಳಿ ಬೆಳೆಯುವುದು ಆಟಿಸಂಗೆ ಕಾರಣವಲ್ಲ. ಆಟಿಸಂ ಇರುವ ಮಗುವಿನ ಮಾತು ಅದರಿಂದ ಇನ್ನಷ್ಟು ತಡವಾಗುತ್ತದೆ ಎಂದು ಸಂಶೋಧನೆಗಳೂ ಹೇಳುತ್ತಿಲ್ಲ. ಮನೆಮಾತು ಹೋದರೆ ಮಾತ್ರ, ಮಗುವನ್ನು ಸಮಾಧಾನ ಮಾಡುವವರ ಮಾತೇ ಹೋದಂತೆ.

ಆಮೇಲೆ ಕೇಳಿದೆ: "ಅವನು ಗುನುಗೋದು ಏನು?" ಅವರಿಗೆ ಗೊತ್ತಿರಲಿಲ್ಲ. ತಾಯಿಯನ್ನು ಕೇಳಿ ಬನ್ನಿ ಎಂದೆ. ಅದು ಅಜ್ಜಿಯ ಮಾತಂತೆ. ಅವನು ಕರೆದಾಗೆಲ್ಲ ಒಳಗಿನಿಂದ ಅಜ್ಜಿ "ತಾಳು, ಬಂದೆ" ಅನ್ನುತ್ತಿದ್ದರು. ಅವನು ಟೀಚರಿಗೂ ಅದನ್ನೇ ಹೇಳುತ್ತಿದ್ದ! ಕೇಳಿದ್ದನ್ನು ತಿರುಗಿ ಹೇಳುವುದಕ್ಕೆ ಎಕೋಲಾಲಿಯಾ ಅನ್ನುತ್ತಾರೆ. ಎಷ್ಟೋ ಮಕ್ಕಳಿಗೆ ಅದು ಸುಮ್ನೆ ಬರುವ ಮಾತಲ್ಲ, ಯೋಚಿಸಲು ಸಮಯ ಮಾಡಿಕೊಳ್ಳುವ ದಾರಿ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಸಂಶೋಧಕಿ ತರಗತಿಗಳನ್ನು ಗಮನಿಸಿದ್ದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತಿತ್ತು. ಇವನಿಗೆ ಅದಕ್ಕಿಂತ ಜಾಸ್ತಿ ಬೇಕು. ಮನಸ್ಸಿನಲ್ಲೇ ಹತ್ತು ಎಣಿಸಿ ಎಂದೆ. ಅಷ್ಟರಲ್ಲಿ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಕೇಳಬೇಡಿ, ಅವನು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಉತ್ತರ ಮನೆಮಾತಿನಲ್ಲಿ ಬಂದರೂ, ಚಿತ್ರ ತೋರಿಸಿದರೂ ಅದು ಉತ್ತರವೇ.

ಅದೇ ತರಗತಿಯ ಒಬ್ಬ ಹುಡುಗಿಯ ಬಗ್ಗೆಯೂ ಕೇಳಿದರು. ಅವಳಿಗೂ ಶಾಲೆಯ ಭಾಷೆ ಹೊಸದು. ಅದರಲ್ಲಿ ಹರಟೆ ಚೆನ್ನಾಗಿ ಹೊಡೆಯುತ್ತಾಳೆ, ಓದು ಮಾತ್ರ ಬರುವುದಿಲ್ಲ. ಡಿಸ್ಲೆಕ್ಸಿಯಾ, ಅಂದ್ರೆ ಓದು-ಬರಹ ಕಲಿಯುವುದೇ ಕಷ್ಟವಾಗುವ ತೊಂದರೆ, ಇರಬಹುದಾ? ಹೊಸ ಭಾಷೆಯಲ್ಲಿ ಹರಟೆಗೆ ಒಂದೆರಡು ವರ್ಷ ಸಾಕು, ಪಾಠದ ಭಾಷೆಗೆ 5ರಿಂದ 7 ವರ್ಷ ಬೇಕಾಗಬಹುದು. ಹಾಗಂತ ಭಾಷೆ ಬಂದ ಮೇಲೆ ನೋಡೋಣ ಎಂದು ಕೂರುವುದೂ ಅನ್ಯಾಯ, ಅಲ್ವಾ? ಮನೆಮಾತಿನಲ್ಲಿ ಪ್ರಾಸ ಹೇಳಿಸಿ, ಪದದ ಮೊದಲ ಸದ್ದು ಬಿಡಿಸಲು ಹೇಳಿ. ಅಲ್ಲೂ ತಡವರಿಸಿದರೆ, ಎರಡೂ ಭಾಷೆ ಬಲ್ಲವರಿಂದ ತಪಾಸಣೆ ಮಾಡಿಸಿ ಎಂದೆ.

ಮೂರು ವಾರದ ನಂತರ ಮತ್ತೆ ಬಂದರು. ಹುಡುಗ ಮನೆಯಲ್ಲಿ ಅಜ್ಜಿಯ ಪಕ್ಕ ಕೂರತೊಡಗಿದ್ದಾನೆ. ಶಾಲೆಯಲ್ಲಿ ಉತ್ತರ ಇನ್ನೂ ಅಪರೂಪ. ಟೀಚರ್ ಒಂದು ಮಾತನ್ನು ಮಾತ್ರ ಅವನ ಭಾಷೆಯಲ್ಲಿ ಕಲಿತಿದ್ದರು, "ತಾಳ್ತೀನಿ" ಅಂತ.