ಬೆಣ್ಣೆ ಘಮಕ್ಕೆ ಅಂಕ ಇಲ್ಲ

ಪ್ರಶ್ನೆ: ಮಡಿಕೇರಿಯ ಹೋಮ್‌ಸ್ಟೇಯಲ್ಲಿ ಗೆಳೆಯರು ಸೇರಿ ನಾಲ್ಕು ಅಂಬರ್ ಏಲ್ ರುಚಿ ನೋಡಿದೆವು. ಬೆಣ್ಣೆ ಬಿಸ್ಕತ್ತಿನ ಘಮ ಇದ್ದದ್ದಕ್ಕೆ ಎಲ್ಲರೂ ಫಸ್ಟ್ ಕೊಟ್ಟೆವು. ಒಬ್ಬ ಮಾತ್ರ ಅದು ಕೆಟ್ಟ ಬಿಯರ್ ಅಂದ. ಯಾರು ಸರಿ?

ಆ ಒಬ್ಬ. ಮುಂದಿನ ಸಲವೂ ಅವನನ್ನು ಕರೆಯಿರಿ.

ಈ ಪ್ರಶ್ನೆಗೆ ಉತ್ತರ ಬರೆದು ಬರೆದು ನನಗೆ ಸಾಕಾಗಿದೆ. ಅಂಬರ್ ಏಲ್‌ಗೆ ಕೆಂಪು ಬಣ್ಣ, ಸಿಹಿ ಕೊಡುವುದು ಕ್ರಿಸ್ಟಲ್ ಮಾಲ್ಟ್. ಮೊಳಕೆ ಬಂದ ಬಾರ್ಲಿಯ ಹಿಟ್ಟು ಕಾಳಿನೊಳಗೇ ಸಕ್ಕರೆಯಾಗಿ, ಹುರಿದಾಗ ಕ್ಯಾರಮೆಲ್ ಆಗುತ್ತದೆ. ಬೆಲ್ಲ ಪಾಕಕ್ಕೆ ಬರುವಾಗ ಒಲೆ ಹತ್ತಿರ ನಿಂತಿದ್ದೀರಲ್ವಾ? ಆ ವಾಸನೆ. ಜೊತೆಗೆ ಟೋಸ್ಟ್, ಹಿಂದೆಯೇ ಹಾಪ್ಸ್ ಹೂವಿನ ಕಹಿ. ಬೆಣ್ಣೆ ಇದರಲ್ಲೆಲ್ಲೂ ಇಲ್ಲ.

ಬಿಯರಿನಲ್ಲಿ ಬೆಣ್ಣೆ ಘಮ ಅಂದರೆ ಡೈಅಸಿಟೈಲ್ ಅನ್ನುವ ರಾಸಾಯನಿಕ. ಹುದುಗುವಾಗ ಇದು ಹುಟ್ಟುವುದು ಸಹಜ. ಟೈಮ್ ಕೊಟ್ಟರೆ ಯೀಸ್ಟೇ ಅದನ್ನು ವಾಪಸ್ ಹೀರಿಕೊಳ್ಳುತ್ತದೆ. ಆತುರಪಟ್ಟು ಬೇಗ ತಣ್ಣಗೆ ಮಾಡಿದರೆ ಹಾಗೇ ಉಳಿಯುತ್ತದೆ. ಬಿಯರ್ ಬರುವ ಪೈಪ್ ತೊಳೆಯದಿದ್ದರೂ ಅಷ್ಟೇ, ಅಲ್ಲಿ ಕೂತ ಬ್ಯಾಕ್ಟೀರಿಯಾ ಇದನ್ನೇ ಹುಟ್ಟಿಸುತ್ತವೆ. ಒಂದು ಪಬ್‌ನಲ್ಲಿ ಇದನ್ನು ಹೇಳಿದ್ದಕ್ಕೆ ‘ಅದೇ ಸರ್ ನಮ್ಮ ಸ್ಪೆಷಲ್’ ಅಂದರು. ದುಡ್ಡು ಕೊಟ್ಟು ಎದ್ದು ಬಂದೆ.

ಪತ್ತೆ ಹಚ್ಚುವುದು ಹೀಗೆ. ಗ್ಲಾಸಿನ ಮೂರರಲ್ಲಿ ಒಂದು ಭಾಗ ಮಾತ್ರ ತುಂಬಿ, ಬಾಯಿಗೆ ಸಾಸರ್ ಮುಚ್ಚಿ. ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿ. ಸಾಸರ್ ತೆಗೆದ ತಕ್ಷಣ ಮೂಗು ಇಡಿ. ಥಿಯೇಟರ್ ಪಾಪ್‌ಕಾರ್ನ್ ನೆನಪಾದರೆ ಮುಗಿಯಿತು. ಇನ್ನೂ ಅನುಮಾನ ಇದ್ದರೆ ಒಂದು ಗುಟುಕು ಕುಡಿದು ನಾಲಿಗೆಯನ್ನು ಅಂಗುಳಕ್ಕೆ ಉಜ್ಜಿ. ತುಪ್ಪ ಸವರಿದ ಹಾಗೆ ಜಾರುತ್ತದೆ. ಮೂರು ಸಲ ಮೂಸಿದ ಮೇಲೆ ಮೂಗು ಸೋಲುತ್ತದೆ. ಆಗ ನಿಮ್ಮದೇ ಅಂಗಿಯ ತೋಳು ಮೂಸಿ, ಮತ್ತೆ ಬನ್ನಿ.

ಕೆಲವರಿಗೆ ಈ ವಾಸನೆ ಹತ್ತುವುದೇ ಇಲ್ಲ, ಅದು ತಪ್ಪಲ್ಲ. ನನಗೆ ಬೇಯಿಸಿದ ಜೋಳದ ವಾಸನೆ, ಅದೂ ಬಿಯರಿನ ದೋಷವೇ, ತಡವಾಗಿ ಹತ್ತುತ್ತದೆ. ಅದಕ್ಕೇ ನಾನು ಒಬ್ಬನೇ ಕೂತು ಅಂಕ ಹಾಕುವುದಿಲ್ಲ. ಐರಿಶ್ ರೆಡ್ ಏಲ್‌ನಲ್ಲಿ ಚೂರು ಬೆಣ್ಣೆ ಇದ್ದರೆ ಸುಮ್ನೆ ಇರುತ್ತೇನೆ. ಅಂಬರ್‌ನಲ್ಲಿ ಇಲ್ಲ.

ಪ್ರಶ್ನೆ: ಬಣ್ಣ ಕೆಂಪಗಿದ್ದಷ್ಟೂ ಕಿಕ್ ಜಾಸ್ತಿ ಅಲ್ವಾ?

ಅಲ್ಲ. ಅಂಬರ್ ಏಲ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 4.5ರಿಂದ 6.2ರ ಒಳಗೆ. ಅಂಗಡಿಯ ತಿಳಿ ಹಳದಿ ‘ಸ್ಟ್ರಾಂಗ್’ ಬಿಯರ್ ಶೇ 8ರವರೆಗೂ ಹೋಗುತ್ತದೆ. ತೀರ್ಪಿನಲ್ಲೂ ಬಣ್ಣಕ್ಕೆ ಬೆಲೆ ಕಡಿಮೆ. ಬಿಯರ್ ತೀರ್ಪುಗಾರರ ಅಮೆರಿಕದ ಸಂಸ್ಥೆ ಬಿಜೆಸಿಪಿಯ ಹಾಳೆಯಲ್ಲಿ 50ಕ್ಕೆ 20 ಅಂಕ ರುಚಿಗೆ, 12 ವಾಸನೆಗೆ. ಬಣ್ಣ, ನೊರೆ ಎಲ್ಲ ಸೇರಿ ಬರೀ 3.

ಪ್ರಶ್ನೆ: ಪಂದಿ ಕರಿ ಜೊತೆಗೇ ತೀರ್ಪು ಕೊಡಬಹುದಾ?

ಕಾಚಂಪುಳಿಯ ಹುಳಿ, ಕರಿಮೆಣಸು ಬಿದ್ದ ನಾಲಿಗೆ ಇನ್ನೇನು ಹೇಳೀತು? ಮಧ್ಯೆ ಮಧ್ಯೆ ಬರೀ ಅಕ್ಕಿ ತರಿಯ ಕಡಂಬುಟ್ಟು ಉಂಡೆ ಮುರಿದು ತಿನ್ನಿ, ನೀರು ಕುಡಿಯಿರಿ. ಕರಿ ಆಮೇಲೆ.

ಪ್ರಶ್ನೆ: ಗ್ಲಾಸನ್ನು ಫ್ರೀಜರ್‌ನಲ್ಲಿ ಎಷ್ಟು ಹೊತ್ತು ಇಡಬೇಕು?

ಇಡಲೇಬೇಡಿ.

ಪ್ರಶ್ನೆ: ಬಿಯರ್ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆ ಎಂದು ನಮ್ಮೂರ ನಾಟಿ ವೈದ್ಯರು ಹೇಳುತ್ತಾರೆ.

ಮೂತ್ರ ಜಾಸ್ತಿ ಬರುತ್ತದೆ, ಕಲ್ಲು ಕರಗುವುದಿಲ್ಲ. ಆಸ್ಪತ್ರೆಗೆ ಹೋಗಿ, ಆ ವೈದ್ಯರ ಹತ್ತಿರ ಹೋಗಬೇಡಿ.

ಪ್ರಶ್ನೆ: ತೋಟದಲ್ಲಿ ಕಾಫಿ ಕಪ್ಪಿಂಗ್, ಅಂದರೆ ರುಚಿ ಪರೀಕ್ಷೆ, ಮಾಡುವಾಗ ಉಗುಳುತ್ತೇವೆ. ಬಿಯರನ್ನೂ ಉಗುಳಬೇಕಾ?

ಬೇಡ. ನುಂಗಿದ ಮೇಲೆ ಕಹಿ ಎಷ್ಟು ಹೊತ್ತು ನಿಲ್ಲುತ್ತದೆ, ಒರಟಾಗಿ ಹಿಡಿಯುತ್ತದಾ ಅನ್ನುವುದನ್ನೂ ನೋಡಬೇಕು. ಆದರೆ ಸಣ್ಣ ಗುಟುಕು. ಗಾಡಿ ಓಡಿಸುವವರಿಗೆ ಅದೂ ಬೇಡ. ಮಳೆಗಾಲದ ಮಂಜಿನಲ್ಲಿ ಸಂಪಾಜೆ ಘಾಟಿಯ ತಿರುವು ನೆಟ್ಟಗಿರುವವರಿಗೇ ಕಾಣುವುದಿಲ್ಲ.