ಜಾಕಿ ಹಚ್ಚುವ ಮುಂಚೆ ಅಟ್ಟ ಹತ್ತಿ ನೋಡಿ

ಹಳೇ ಕಟ್ಟಡಗಳ ದುರಸ್ತಿ ನನ್ನ ಕಸುಬು. ಕೆಳಗಿನ ಮೊದಲ ಪ್ರಶ್ನೆಯನ್ನು ಎಷ್ಟು ಸಲ ಓದಿದ್ದೇನೆ ಅಂದರೆ, ಈಗ ಮೊದಲ ಸಾಲು ಕಂಡರೇ ತಲೆ ಬಿಸಿಯಾಗುತ್ತೆ. ಅದಕ್ಕೇ ಈ ಸಲದ ಅಂಕಣದಲ್ಲಿ ಹೆಚ್ಚಿನ ಜಾಗ ಆ ಪ್ರಶ್ನೆಗೇ.

ತಾತ ಕಟ್ಟಿಸಿದ ಬಂಗಲೆಗೆ 90 ವರ್ಷ. ಜಾಗ ಮಾರಿದ್ದೇವೆ, ಕಟ್ಟಡವನ್ನು ಎತ್ತಿ ಬೇರೆ ಸೈಟಿಗೆ ಒಯ್ಯುತ್ತೇವೆ. ಪಾರಂಪರಿಕ ಕಟ್ಟಡವೋ ಅಲ್ಲವೋ ಅಂತ ಆಮೇಲೆ ನೋಡಿಕೊಂಡರೆ ಆಗುತ್ತಾ?

ಆಗಲ್ಲ. ಆಮೇಲೆ ನೋಡೋಕೆ ಅರ್ಧ ಸಾಕ್ಷಿ ಉಳಿದಿರಲ್ಲ.

90 ವರ್ಷ ಅಂತ ಎಲ್ಲರೂ ಹೆಮ್ಮೆಯಿಂದ ಬರೆಯುತ್ತಾರೆ. ಬರೀ ವಯಸ್ಸಿಗೆ ಬೆಲೆ ಇಲ್ಲ. ಅಮೆರಿಕದ ಪಾರಂಪರಿಕ ಕಟ್ಟಡಗಳ ಸರ್ಕಾರಿ ಪಟ್ಟಿಯಾದ ನ್ಯಾಷನಲ್ ರಿಜಿಸ್ಟರ್ ಸಾಮಾನ್ಯವಾಗಿ 50 ವರ್ಷ ಆಗಿರಬೇಕು ಅನ್ನುತ್ತೆ, ಆದರೆ ಅದು ಬಾಗಿಲು ದಾಟೋಕೆ ಮಾತ್ರ. ಆಮೇಲೆ ಶುರುವಾಗೋದೇ ಅಸಲಿ ಪ್ರಶ್ನೆ: ಈ ಮನೆಯ ಮಹತ್ವ ಇರೋದು ಜಾಗದಲ್ಲೋ, ಕಟ್ಟಡದಲ್ಲೋ? ಒಂದೇ ಥರದ ಮನೆಗಳ ಸಾಲಿನಲ್ಲಿ ಅದೂ ಒಂದು ಅನ್ನೋ ಕಾರಣಕ್ಕೆ, ಅಥವಾ ಆ ದಿಣ್ಣೆ, ಆ ತೋಟ ನೋಡಿಕೊಂಡೇ ಕಟ್ಟಿದ್ದು ಅನ್ನೋ ಕಾರಣಕ್ಕೆ ಅದಕ್ಕೆ ಬೆಲೆ ಇದ್ದರೆ, ಎತ್ತಿದ ದಿನ ನಿಮ್ಮ ಕೈಲಿ ಉಳಿಯೋದು ಬರೀ ಗೋಡೆ, ಚಾವಣಿ. ಮರಗೆಲಸ ಅಪರೂಪದ್ದು, ವಿನ್ಯಾಸ ಬೇರೆಲ್ಲೂ ಸಿಗದ್ದು ಅಂತಾದರೆ ಅದರಲ್ಲಿ ಒಂದಷ್ಟು ಜೊತೆಗೆ ಬರುತ್ತೆ. ಆ ರಿಜಿಸ್ಟರಿನಲ್ಲೂ ಜಾಗ ಬದಲಿಸಿದ ಕಟ್ಟಡಕ್ಕೆ ಸಾಮಾನ್ಯವಾಗಿ ಅವಕಾಶ ಇಲ್ಲ. ವಾಸ್ತುಶಿಲ್ಪವೇ ಅದರ ಮುಖ್ಯ ಬೆಲೆ ಅಂತಲೋ, ಒಬ್ಬ ವ್ಯಕ್ತಿಗೋ ಘಟನೆಗೋ ಸಂಬಂಧಿಸಿದ್ದರಲ್ಲಿ ಉಳಿದಿರೋ ಮುಖ್ಯ ಕಟ್ಟಡ ಇದೇ ಅಂತಲೋ ತೋರಿಸಿದರೆ ಮಾತ್ರ ವಿನಾಯಿತಿ. ಪಟ್ಟಿಯಲ್ಲಿರೋ ಕಟ್ಟಡವನ್ನು ಮೊದಲೇ ಒಪ್ಪಿಗೆ ಪಡೆಯದೆ ಸಾಗಿಸಿದರೆ ಹೆಸರು ತಾನಾಗೇ ಬಿದ್ದುಹೋಗುತ್ತೆ.

ಸ್ಮಾರಕಗಳನ್ನು ಕಾಪಾಡೋದು ಹೇಗೆ ಅಂತ ಹೇಳೋ ಅಂತರರಾಷ್ಟ್ರೀಯ ಸೂತ್ರ, 1964ರ ವೆನಿಸ್ ಸನ್ನದು, ಇನ್ನೂ ಬಿಗಿ. ಉಳಿಸೋಕೆ ಅದು ಬೇಕೇ ಬೇಕು ಅಂತಾದಾಗ, ಇಲ್ಲವೇ ದೇಶದ ಅಥವಾ ಅಂತರರಾಷ್ಟ್ರೀಯ ಮಟ್ಟದ ಬಹುಮುಖ್ಯ ಹಿತ ಇದ್ದಾಗ ಮಾತ್ರ ಕದಲಿಸಬಹುದು ಅನ್ನೋ ಧಾಟಿ ಅದರದ್ದು. ಅಮೆರಿಕದ ಕೇಪ್ ಹ್ಯಾಟರಸ್ ದೀಪಸ್ತಂಭವನ್ನು 1999ರಲ್ಲಿ 2,900 ಅಡಿ ಒಳಕ್ಕೆ ಸರಿಸಿದರು, ಕಡಲು ದಡ ಕೊರೆಯುತ್ತಾ ಬುಡದ ಹತ್ತಿರಕ್ಕೇ ಬಂದಿತ್ತು. ಜಾಗಕ್ಕೆ ಒಳ್ಳೆ ರೇಟು ಬಂತು ಅನ್ನೋದು ಕಡಲು ಬಂದ ಹಾಗಲ್ಲ, ಅಲ್ವಾ?

ಸರಿ, ಮನೆಯಲ್ಲಿ ಯಾವುದು ಮೂಲದ್ದು, ಯಾವುದು ಆಮೇಲಿನದು ಅಂತ ನೋಡೋದು ಹೇಗೆ? ಟಾರ್ಚು ಹಿಡಿದು ಅಟ್ಟ ಹತ್ತಿ. ಹಜಾರದಲ್ಲಿ ಎಲ್ಲರೂ ಬಣ್ಣ ಬಳಿದಿರುತ್ತಾರೆ, ಅಟ್ಟದಲ್ಲಿ ಯಾರೂ ಸುಳ್ಳು ಹೇಳೋಕೆ ಹೋಗಿರಲ್ಲ. ತೊಲೆಯ ಮೇಲೆ ಬೆಳಕನ್ನು ಅಡ್ಡವಾಗಿ ಬಿಡಿ. ಬಿಲ್ಲಿನ ಹಾಗೆ ಬಾಗಿದ ಗೆರೆ ಕಂಡರೆ ಯಂತ್ರದ ಸುತ್ತು ಗರಗಸದಲ್ಲಿ ಸೀಳಿದ ಮರ, ನೇರವಾದ ಆದರೆ ಅಂಕುಡೊಂಕು ಅಂತರದ ಗೆರೆ ಕಂಡರೆ ಬಹುಶಃ ಕೈಗರಗಸ. ಒಂದು ಮೊಳೆ ಕೀಳಿ. ಕಮ್ಮಾರ ಬಡಿದ ಮೊಳೆಯ ಮೈ ಚೌಕ, ಕಾರ್ಖಾನೆಯ ತಂತಿ ಮೊಳೆ ದುಂಡಗೆ. ಒಂದೇ ಚಾವಣಿಯಲ್ಲಿ ಎರಡೂ ಇದ್ದರೆ ನಡುವೆ ಯಾರೋ ಕೈ ಹಾಕಿರಬಹುದು. ಕಿಟಕಿ ಚೌಕಟ್ಟಿನ ಮೂಲೆಯಲ್ಲಿ ಬ್ಲೇಡಿನಿಂದ ನಾಣ್ಯದಷ್ಟು ಕೆರೆದರೆ ಬಣ್ಣದ ಪದರಗಳು ಈರುಳ್ಳಿ ಥರ ಬಿಚ್ಚಿಕೊಳ್ಳುತ್ತವೆ. ಪಕ್ಕದ ಕಿಟಕಿಯಲ್ಲಿ ಎರಡೇ ಪದರ ಸಿಕ್ಕರೆ ಅದು ಆಮೇಲೆ ಕೂಡಿಸಿದ್ದಿರಬಹುದು. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ಅಡಿಪಾಯವನ್ನಂತೂ ಅಳತೆ ತೆಗೆದು, ಫೋಟೋ ತೆಗೆದೇ ಮುಂದಿನ ಮಾತು. ಒಮ್ಮೆ ಮನೆ ಸಾಗಿಸಿದ ಮೇಲೆ ನನ್ನನ್ನು ಕರೆದರು. ಅಡುಗೆಮನೆ ಮೂಲ ಕಟ್ಟಡದ್ದೋ, ನಂತರದ್ದೋ ಅಂತ ಹೇಳಬೇಕಿತ್ತು. ಎರಡು ಕಾಲದ ಗೋಡೆ ಕೂಡಿದ ಜಾಗ ಅಡಿಪಾಯದಲ್ಲಿ ಸಿಗುತ್ತಿತ್ತು. ಅದನ್ನು ಆಗಲೇ ಜೆಸಿಬಿ ತಂದು ಅಗೆದು, ಮಣ್ಣು ಮುಚ್ಚಿ ಸಮ ಮಾಡಿದ್ದರು. ಫೀಸು ತಗೊಳ್ಳದೆ ವಾಪಸ್ ಬಂದೆ.

ಒಂದೂ ಬಿರುಕು ಬರಲ್ಲ ಅಂತ ಸಾಗಿಸುವವರು ಗ್ಯಾರಂಟಿ ಕೊಟ್ಟಿದ್ದಾರೆ. ನಂಬಬಹುದಾ?

ಬೇರೆಯವರನ್ನು ಹುಡುಕಿ. ಮರದ ಚೌಕಟ್ಟು ಸ್ವಲ್ಪ ಬಳುಕುತ್ತೆ, ಗಾರೆಗೂ ಇಟ್ಟಿಗೆಯ ಹೊಗೆಗೂಡಿಗೂ ಆ ಗುಣ ಇಲ್ಲ.

ಬಿರುಕು ಬಂದರೆ ಸಿಮೆಂಟ್ ತುಂಬಿದರೆ ಗಟ್ಟಿ ಆಗುತ್ತಲ್ಲ?

ಗಟ್ಟಿ ಆಗೋದೇ ತೊಂದರೆ. ಸುಣ್ಣದ ಗಾರೆ ಮೆತ್ತಗಿರುತ್ತೆ, ತೇವ ಹೊರಗೆ ಬಿಡುತ್ತೆ. ಸಿಮೆಂಟ್ ತೇವ ಹಿಡಿದಿಟ್ಟು ಪಕ್ಕದ ಇಟ್ಟಿಗೆಯನ್ನೇ ಉದುರಿಸುತ್ತೆ. ಸುಣ್ಣವನ್ನೇ ತುಂಬಿಸಿ.

ಫೋಟೋ ಕಳಿಸಿದರೆ ಪಾರಂಪರಿಕ ಸರ್ಟಿಫಿಕೇಟ್ ಕೊಡ್ತೀನಿ ಅಂತ ಒಬ್ಬರು ದುಡ್ಡು ಕೇಳುತ್ತಿದ್ದಾರೆ.

ಅಟ್ಟ ಹತ್ತದವರಿಗೆ ಒಂದು ಪೈಸೆ ಕೊಡಬೇಡಿ.