ಹಳೇ ಕಾನ್‌ಸ್ಟೆಲೇಷನ್ ಡಯಲ್‌ಗೆ ಹೊಸ ಬಣ್ಣ ಬೇಡ

ತಾತನ 1960ರ ದಶಕದ ಒಮೆಗಾ ಕಾನ್‌ಸ್ಟೆಲೇಷನ್ ಕೈಗಡಿಯಾರ ಸಿಕ್ಕಿದೆ, ಡಯಲ್‌ನಲ್ಲಿ ಕಂದು ಕಲೆ ಇದೆ, ಹೊಸದಾಗಿ ಬಣ್ಣ ಹಾಕಿಸಿ ಕೇಸ್ (ಹೊರಕವಚ) ಪಾಲಿಷ್ ಮಾಡಿಸಲೇ ಅಂತ ಕೇಳಿದ್ದೀರಿ. ಎರಡೂ ಬೇಡ ಸರ್, ದಯವಿಟ್ಟು.

ನಿಮ್ಮ ಫೋಟೋದಲ್ಲಿ ಡಯಲ್‌ನ ಅಂಚು ಕೆಳಕ್ಕೆ ಬಾಗಿ ಹನ್ನೆರಡು ಮೂಲೆಗಳಾಗಿದೆ ನೋಡಿ. ಅದಕ್ಕೆ ಪೈ-ಪ್ಯಾನ್ ಅಂತಾರೆ, ಬೋರಲು ಹಾಕಿದ ತಟ್ಟೆಯ ಹಾಗೆ. ಮರುಬಣ್ಣ ಹಾಕಿದರೆ ಆ ಗೆರೆಗಳೆಲ್ಲ ಮಂಕಾಗುತ್ತವೆ, ಅಕ್ಷರಗಳೂ ದಪ್ಪಗಾಗುತ್ತವೆ. ಸಂಗ್ರಹಕಾರರು ದೂರದಿಂದಲೇ ಗುರುತಿಸಿ ಬೆಲೆ ಇಳಿಸುತ್ತಾರೆ. ಕಲೆ ಇರುವ ಅಸಲಿ ಡಯಲ್‌ಗೇ ಜಾಸ್ತಿ ಗೌರವ. ಪಾಲಿಷ್ ಕಥೆಯೂ ಅದೇ. ಪಟ್ಟಿ ಸಿಕ್ಕಿಸುವ ಕಿವಿಗಳ ಚೂಪು ಅಂಚು ಒಮ್ಮೆ ಸವೆದರೆ ಮತ್ತೆ ಬರಲ್ಲ. ನಾನೊಂದು ಒಮೆಗಾ ಸೀಮಾಸ್ಟರ್ ಗಡಿಯಾರವನ್ನು ಸುಮ್ನೆ ಹೊಳೆಯಲಿ ಅಂತ ಕೊಟ್ಟು, ಸೋಪಿನ ಚೂರಿನಂಥದ್ದನ್ನು ವಾಪಸ್ ತಂದೆ!

ಖರ್ಚು ಮಾಡುವುದಾದರೆ ಒಳಗಿನ ಸರ್ವಿಸ್‌ಗೆ ಮಾಡಿ. ಹಳೇ ಎಣ್ಣೆ ಒಣಗಿದ್ದರೆ ಚಕ್ರಗಳು ಸವೆಯುತ್ತವೆ. ಅದಕ್ಕೇ ಈಗಲೇ ಕಟ್ಟಿಕೊಂಡು ಓಡಾಡಬೇಡಿ. ಹಿಂದಿನ ಮುಚ್ಚಳ ತೆಗೆದಾಗ ಎದುರಿಗೇ ನಿಂತು ನೋಡಿ: ಯಂತ್ರ ತಾಮ್ರದ ಬಣ್ಣದಲ್ಲಿರಬೇಕು, ಅದರ ಮೇಲೆ 561 ಅಥವಾ 551ರಂಥ ಯಂತ್ರದ ಮಾದರಿ ಸಂಖ್ಯೆ ಕೆತ್ತಿರಬೇಕು. ಮುಚ್ಚಳದ ಮೇಲೆ ವೀಕ್ಷಣಾಲಯ, ಎಂಟು ನಕ್ಷತ್ರಗಳ ಚಿತ್ರ ಇರಬೇಕು. ಗಾಜು ಬದಲಾಯಿಸಿದರೆ ಹಳೆಯದನ್ನೂ ಕೇಳಿ ತಗೊಳ್ಳಿ. ಅಸಲಿ ಪ್ಲಾಸ್ಟಿಕ್ ಗಾಜಿನ ನಡುವೆ ಚಿಕ್ಕದೊಂದು ಒಮೆಗಾ ಗುರುತು ಇರುತ್ತದೆ, ಭೂತಗನ್ನಡಿ ಹಿಡಿದರೆ ಕಾಣುತ್ತದೆ.

ಮತ್ತೆ, ಸರ್ವಿಸ್ ಆದಮೇಲೆ ಕಟ್ಟಿಕೊಂಡರೂ ಕೈ ತೊಳೆಯುವಾಗ ಬಿಚ್ಚಿಡಿ.